ನೂರು ಡಿಗ್ರಿಗೆ ಕುದಿಯದ ನೀರು

ನೀರು ಕುದಿಸುವುದರಲ್ಲಿ ಯಾರಾದರೂ ಸೋಲಲು ಸಾಧ್ಯವೇ? ಕಾಪುವಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಟೀಚರಾಗಿರುವ ನನಗೆ ಆ ಬೆಳಿಗ್ಗೆ ಅಂಥ ಸಂಶಯ ಲವಲೇಶವೂ ಇರಲಿಲ್ಲ. ನನ್ನ ಪಾಠ ನೋಡಲು ಉಡುಪಿಯಿಂದ ಅಧಿಕಾರಿಯೊಬ್ಬರು ಬರುವವರಿದ್ದರು. ನಾನು ಆರಿಸಿಕೊಂಡದ್ದು ನೀರಿನ ಕುದಿಯುವ ಬಿಂದುವನ್ನು. ನಮ್ಮದು ಕಡಲ ಮಟ್ಟದ ಊರು. ಇಲ್ಲಿ ನೀರು ನೂರು ಡಿಗ್ರಿಗೆ ಕುದಿಯಲೇಬೇಕು. ಅದಕ್ಕೆ ಬೇರೆ ದಾರಿಯೇ ಇಲ್ಲ!

"ಕುದಿಯುವ ನೀರು ನೋಡ್ಲಿಕ್ಕೆ ಉಡುಪಿಯಿಂದ ಜನ ಬರ್ಬೇಕಾ ಮಾರಾಯ್ತಿ?" ಎಂದರು ನನ್ನ ಗಂಡ.

"ಇದು ವಿಜ್ಞಾನ. ನಿಮಗೆ ಗೊತ್ತಾಗುವುದಿಲ್ಲ," ಎಂದು ಗಂಭೀರವಾಗಿ ಹೇಳಿ ಬಸ್ಸು ಹತ್ತಿದೆ.

ಒಂಬತ್ತನೇ ತರಗತಿಯ ಮಕ್ಕಳಿಗೆ ವರ್ಷವಿಡೀ ಗಂಟಲು ಒಣಗುವಷ್ಟು ಹೇಳಿಕೊಟ್ಟದ್ದು ಒಂದೇ ಮಾತು: ಕಂಡದ್ದನ್ನು ಬರೆಯಿರಿ, ಪುಸ್ತಕದಲ್ಲಿ ಇದ್ದದ್ದನ್ನಲ್ಲ. ಹಿಂದಿನ ಬೆಂಚಿನಲ್ಲಿ ಅಧಿಕಾರಿಗಳು, ಅವರ ಪಕ್ಕದಲ್ಲಿ ನಮ್ಮ ಹೆಡ್‌ಮಾಸ್ಟರು. ಬೀಕರಿನಲ್ಲಿ ನೀರು ಕೊತಕೊತ ಕುದಿಯತೊಡಗಿತು. ಮುಂದೆ ಕುಳಿತಿದ್ದ ಪ್ರಾಪ್ತಿ ಎಂಬ ಹುಡುಗಿಯನ್ನು ಕರೆದು ಥರ್ಮಾಮೀಟರ್ ಓದಲು ಹೇಳಿದೆ.

"ತೊಂಬತ್ತಾರು, ಟೀಚರ್."

"ಸರಿಯಾಗಿ ನೋಡು."

"ತೊಂಬತ್ತಾರೇ ಉಂಟು."

ನಾನೇ ತುದಿಗಾಲಲ್ಲಿ ನಿಂತು ಮೇಲಿನಿಂದ ಇಣುಕಿದೆ. ತೊಂಬತ್ತೆಂಟು! "ನೋಡಿ, ಏರುತ್ತಾ ಉಂಟು!" ಎಂದು ಘೋಷಿಸಿದೆ. ಹಿಮ್ಮಡಿ ಊರಿ ನೋಡಿದರೆ ಮತ್ತೆ ತೊಂಬತ್ತಾರು. ಏರಿದ್ದು ಪಾದರಸವಲ್ಲ, ನಾನು.

ಅವಸರದಲ್ಲಿ ಇನ್ನೊಂದು ಥರ್ಮಾಮೀಟರ್ ತಂದು, ಬೀಕರಿನ ತಳಕ್ಕೆ ತಾಗುವಷ್ಟು ಒಳಗೆ ತೂರಿಸಿದೆ. ಅದು ನೂರನಾಲ್ಕು ತೋರಿಸಿತು. ನೀರಿನದ್ದಲ್ಲ, ಸುಡುವ ಗಾಜಿನ ಬಿಸಿ ಅದು! ಆ ಹೊತ್ತಿಗೆ ಅದು ಹೊಳೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ಎರಡನ್ನೂ ಕೂಡಿಸಿ ಭಾಗಿಸಿ ಟೀಚರ್," ಎಂದು ಹೆಡ್‌ಮಾಸ್ಟರು ಹಿಂದಿನಿಂದ ಜೀವದಾನ ಮಾಡಿದರು. ಭಾಗಿಸಿದೆ. ನೂರು! ಚಪ್ಪಾಳೆ ತಟ್ಟಬೇಕು ಎನ್ನುವಾಗ ಪ್ರಾಪ್ತಿ ಕೈಯೆತ್ತಿದಳು.

"ಟೀಚರ್, ಎರಡೂ ತಪ್ಪಾದ್ರೆ ಸರಾಸರಿ ಹೇಗೆ ಸರಿ ಆಗ್ತದೆ?"

ಉತ್ತರ ಹೆಡ್‌ಮಾಸ್ಟರಲ್ಲಿತ್ತು! ಅವರು ಆಫೀಸಿಗೆ ಓಡಿ, ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ತಂದರು. "ಇದು ಹೊಸದು, ಸುಳ್ಳು ಹೇಳ್ಲಿಕ್ಕಿಲ್ಲ," ಎಂದು ಹೇಳಿ, ನಾನು ತಡೆಯುವಷ್ಟರಲ್ಲಿ ಅದನ್ನು ಕುದಿಯುವ ನೀರಿಗೆ ಅದ್ದಿಯೇಬಿಟ್ಟರು. ಅದು ಕೀ ಕೀ ಎಂದಿತು.

"ಎಂತ ಬಂತು ಸರ್?"

"ನಂಬರ್ ಇಲ್ಲ ಟೀಚರ್. ಎಚ್, ಐ ಅಂತ ಉಂಟು."

"ಹಾಯ್ ಸರ್!" ಎಂದು ಇಡೀ ತರಗತಿ ಒಕ್ಕೊರಲಿನಿಂದ ಉತ್ತರಿಸಿತು. ಅಷ್ಟಕ್ಕೆ ಆ ಯಂತ್ರ ಕಣ್ಣು ಮುಚ್ಚಿತು. ಮತ್ತೆ ತೆರೆಯಲಿಲ್ಲ.

ನನ್ನ ತಾಳ್ಮೆಯೂ ಕುದಿದು ಆವಿಯಾಗಿತ್ತು. "ಸಾಕು! ಎಲ್ಲರೂ ನೂರು ಅಂತ ಬರೀರಿ!" ಎಂದು ಕಿರುಚಿದೆ.

ಪ್ರಾಪ್ತಿ ಮೆಲ್ಲಗೆ ಕೇಳಿದಳು: "ಕಂಡದ್ದು ಬರೆಯುವುದಾ ಟೀಚರ್, ನೂರು ಬರೆಯುವುದಾ?"

ನನ್ನ ಮುಖ ಬಿಸಿಯಾಯಿತು. ಎಷ್ಟು ಡಿಗ್ರಿ ಎಂದು ನಂಬುವಂತೆ ಹೇಳುವ ಥರ್ಮಾಮೀಟರ್ ಒಂದೂ ಉಳಿದಿರಲಿಲ್ಲ. "ಕಂಡದ್ದನ್ನೇ ಬರಿ," ಎಂದು ಸೋತ ದನಿಯಲ್ಲಿ ಹೇಳಿದೆ.

ಅಧಿಕಾರಿಗಳು ಎದ್ದು ನನ್ನತ್ತ ಬಂದರು. ಪೆರ್ಡೂರಿನಾಚೆ ಯಾವುದೋ ಮೂಲೆಗೆ ವರ್ಗವಾಯಿತು ಎಂದುಕೊಂಡೆ.

"ಮೇಡಂ, ಅಳತೆಯ ದೋಷಗಳ ಬಗ್ಗೆ ಇಷ್ಟು ಚಂದದ ಪಾಠ ನಾನು ನೋಡಿಯೇ ಇಲ್ಲ! ಕಣ್ಣಿನ ದೋಷ, ಉಪಕರಣದ ದೋಷ, ಸರಾಸರಿಯ ಮೋಸ, ಎಲ್ಲವನ್ನೂ ಬೇಕೆಂದೇ ಮಾಡಿ ತೋರಿಸಿದ್ದು, ಅಲ್ವಾ?"

ನಿಜ ಹೇಳಲು ಬಾಯಿ ತೆರೆದೆ. "ಹೌದು ಸರ್," ಎಂಬ ಮಾತು ಹೊರಗೆ ಬಿತ್ತು. ಪ್ರಾಪ್ತಿ ನನ್ನನ್ನೇ ನೋಡುತ್ತಿದ್ದಳು.

ಪರಿಣಾಮವಾಗಿ ಮುಂದಿನ ತಿಂಗಳು ಮಣಿಪಾಲದಲ್ಲಿ ಬೇರೆ ಶಾಲೆಗಳ ಟೀಚರುಗಳಿಗೆ ನಾನು ಇದೇ ಪಾಠವನ್ನು ಮಾಡಿ ತೋರಿಸಬೇಕಾಗಿದೆ. ತಯಾರಿಗೆಂದು ನಿನ್ನೆ ಲ್ಯಾಬಿನಲ್ಲಿ ಕುದಿಯುವ ನೀರಿಗೆಂದೇ ಇರುವ ಹೊಸ ಡಿಜಿಟಲ್ ಥರ್ಮಾಮೀಟರ್ ಹಾಕಿ ನೀರು ಕುದಿಸಿದೆ. ಆಳಕ್ಕೆ ಇಳಿಸಿದೆ, ಮೇಲಿನಿಂದ ಇಣುಕಿದೆ, ಓರೆಯಾಗಿಯೂ ನೋಡಿದೆ. ನೂರು. ಅಲುಗಾಡದ ನೂರು!

"ಸರಿ ಬಂತಲ್ಲ ಟೀಚರ್," ಎಂದರು ಹೆಡ್‌ಮಾಸ್ಟರು ಗಾಬರಿಯಿಂದ. "ಇನ್ನೆಂತ ಮಾಡುವುದು?"