ಒಂದೂ ಅಮಾವಾಸ್ಯೆ ತಪ್ಪಿಸದ ಮಾವ

ಗಂಡಸಿ ಊರಿನ ನನ್ನ ಸೋದರಮಾವನ ಮನೆಯಲ್ಲಿದ್ದದ್ದು ಒಂದೇ ಸೊಳ್ಳೆಪರದೆ. ಅದರೊಳಗೆ ಮಲಗುತ್ತಿದ್ದದ್ದು ನಾಯಿ ಗುಂಡ! ಅತ್ತೆ ಹೊರಗೆ ಸೆರಗು ಬೀಸಿಕೊಳ್ಳುತ್ತಿದ್ದರು.

"ನಂಗೆ ಕಚ್ಚುದ್ರೆ ಪರವಾಗಿಲ್ವಾ?"

"ನಿಂಗೆ ಕಚ್ಚುದ್ರೆ ತುರಿಕೆ ಕಣೇ. ಗುಂಡಂಗೆ ಕಚ್ಚುದ್ರೆ ಎದೆಗೇ ಹುಳ!"

ಸುಳ್ಳಲ್ಲ. ಸೊಳ್ಳೆ ಕಚ್ಚಿ ಸೇರುವ ಹುಳು ನಾಯಿಯ ಹೃದಯದಲ್ಲಿ ದಾರದಂತೆ ಬೆಳೆಯುತ್ತದೆ, ತಿಂಗಳಿಗೊಂದು ಮಾತ್ರೆ ಕೊಟ್ಟರೆ ತಡೆಯಬಹುದು ಎಂದು ಅರಸೀಕೆರೆಯ ಪಶುವೈದ್ಯರು ಹೇಳಿದ್ದರು. "ಮೊಟ್ಟೇಲಿಟ್ಟು ಕೊಡಿ, ನುಂಗೋವರೆಗೂ ನಿಂತು ನೋಡಿ" ಎಂದೂ ಹೇಳಿದ್ದರು. ಶಿವಪೂಜೆಯಾಗದೆ ನೀರು ಮುಟ್ಟದ ಮಾವನಿಗೆ ಹೇಳುವ ಮಾತೇ ಇದು? ಮೊಟ್ಟೆ ಅಂಗಡಿ ಎದುರಾದರೆ ರಸ್ತೆ ದಾಟುವ ಆಸಾಮಿ! "ನಮ್ಮನೆ ನಾಯಿನೂ ನಮ್ಮಂಗೇ. ಕೊಬ್ಬರಿ ಬೆಲ್ಲ ಸಾಕು" ಎಂದುಬಿಟ್ಟರು.

ಮರೆಯಬಾರದೆಂದು ಅಮಾವಾಸ್ಯೆ ಗೊತ್ತುಮಾಡಿಕೊಂಡರು. ಪೂಜೆ ಮುಗಿಸಿ, ಕೊಬ್ಬರಿ ಬೆಲ್ಲದ ಉಂಡೆಯಲ್ಲಿ ಮಾತ್ರೆ ಹುದುಗಿಸಿ, "ತಗಳಪ್ಪ, ಪ್ರಸಾದ" ಎಂದು ಕೊಡುವುದು. ಗುಂಡ ಅದನ್ನು ಕಚ್ಚಿಕೊಂಡು ಕೊಬ್ಬರಿ ಕೋಣೆಗೆ ಓಡುವುದು.

"ನೋಡ್ಲಾ, ಮರೇಲಿ ತಿಂತಾನೆ. ಎಂಥಾ ಮರ್ಯಾದಸ್ಥ!"

ಮೂರನೆಯ ವರ್ಷ ಮರ್ಯಾದಸ್ಥ ಕೆಮ್ಮತೊಡಗಿದ. ಗೇಟಿನವರೆಗೆ ಓಡಿದರೆ ಕುಸಿಯುತ್ತಿದ್ದ. ಹೊಟ್ಟೆ ಊದಿತು. ಆಟೋದಲ್ಲಿ ಅರಸೀಕೆರೆಗೆ ಒಯ್ದೆವು. ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಎದೆಹುಳುವೇ ಎಂದರು.

"ಸಾಧ್ಯನೇ ಇಲ್ಲ! ಒಂದೇ ಒಂದು ಅಮಾವಾಸ್ಯೆ ತಪ್ಸಿಲ್ಲ ಕಣ್ರೀ!" ಮಾವ ಅವರ ಮೇಲೇ ರೇಗಿದರು.

"ನುಂಗಿದ್ದು ನೋಡಿದ್ರಾ, ಯಜಮಾನ್ರೇ?"

 ಮಾವ ಮನೆಗೆ ಬಂದವರೇ ಕೊಬ್ಬರಿ ಕೋಣೆಯ ಚೀಲಗಳನ್ನೆಲ್ಲ ಎಳೆದು ಹಾಕಿದರು. ಮೂಲೆಯಲ್ಲಿ ಒಂದು ಬೊಗಸೆಯಷ್ಟು ಮಾತ್ರೆಗಳು! ಗುಂಡ ಕೊಬ್ಬರಿ ಬೆಲ್ಲವನ್ನಷ್ಟೇ ತಿಂದು ಅವನ್ನು ಉಗುಳಿದ್ದ.

"ನಾನೇ ಕೊಂದೆ ಕಣೋ" ಎಂದು ಅಲ್ಲೇ ಕುಳಿತುಬಿಟ್ಟರು. 

ಹುಳು ಸಾಯಿಸುವ ಔಷಧಿ ತಡೆದುಕೊಳ್ಳುವ ಶಕ್ತಿ ಗುಂಡನಿಗೆ ಉಳಿದಿರಲಿಲ್ಲ. ಉಸಿರಾಟ ಹಗುರವಾಗಲೆಂದು ಡಾಕ್ಟರು ಬೇರೆ ಮಾತ್ರೆ ಕೊಟ್ಟಿದ್ದರು. ಮರುದಿನ ಬೆಳಿಗ್ಗೆ ಮಾವ ಪೂಜೆಗೂ ಕೂರದೆ ಎಲ್ಲಿಗೋ ಹೋಗಿಬಂದರು. ಟವೆಲಿನಲ್ಲಿ ಸುತ್ತಿ ತಂದದ್ದು ಬೇಯಿಸಿದ ಮೊಟ್ಟೆ! ಜಗಲಿಯ ಮೇಲೆ, ಬೀದಿಗೆಲ್ಲ ಕಾಣುವಂತೆ ಕುಳಿತು ಸಿಪ್ಪೆ ಸುಲಿದರು. ಗುಂಡನ ತಲೆ ತೊಡೆಯ ಮೇಲಿಟ್ಟುಕೊಂಡು, ಮೊಟ್ಟೆಯೊಳಗೆ ಮಾತ್ರೆ ಹುದುಗಿಸಿ ಚೂರು ಚೂರೇ ತಿನ್ನಿಸಿದರು. ಗುಂಡ ಮೊಟ್ಟೆ ತಿಂದು, ಮಾತ್ರೆಯನ್ನು ಅವರ ಅಂಗೈಗೇ ಉಗುಳಿದ.

"ಕಳ್ ನನ್ಮಗ್ನೇ, ಇದೊಂದಾದ್ರೂ ನುಂಗೋ" ಎಂದು ಮಾವ ಗಳಗಳನೆ ಅತ್ತರು. ಗುಂಡ ಅವರ ಮುಖ ನೋಡಿ ನುಂಗಿದ.

ಎರಡು ದಿನ ಇದ್ದು, ಹೋದ. ತೆಂಗಿನ ತೋಟದಲ್ಲಿ ಗುಂಡಿ ತೆಗೆದ ಮೇಲೆ ಮಾವ ಒಳಗೆ ಹೋಗಿ ಸೊಳ್ಳೆಪರದೆ ಬಿಚ್ಚಿ ತಂದರು. ಅತ್ತೆ ಇನ್ನೊಂದು ತುದಿ ಹಿಡಿದರು. ಇಬ್ಬರೂ ಗುಂಡನನ್ನು ಅದರಲ್ಲೇ ಸುತ್ತಿದರು.

"ತೋಟದಾಗೆ ಸೊಳ್ಳೆ ಜಾಸ್ತಿ ಕಣೋ" ಎಂದರು ಮಾವ.