ಇಲಿ ಕಡಿದ ವೈರು, ಎದುರು ಬಂದ ಆರತಿ

ತುಮಕೂರಿನಲ್ಲಿ ಕಾರಿನ ವೈರಿಂಗ್ ಕೆಲಸ ಮಾಡ್ಕೊಂಡು ಬಂದವನು ನಾನು. ಅಪ್ಪನ ಕಾಲದಲ್ಲಿ ಕಾರಿಗೆ ವೈರು ಅಂದ್ರೆ ಹಾರನ್ನು, ಲೈಟು, ಸೆಲ್ಫು, ಅಷ್ಟೇ. ತೊಂಬತ್ತರ ದಶಕ ಮುಗಿಯೋ ಹೊತ್ತಿಗೆ ಸೆನ್ಸಾರ್ ಅನ್ನೋದು ಬಂತು ನೋಡಿ, ಅವತ್ತಿಂದ ಗಿರಾಕಿಗಳಿಗೂ ಗೊಂದಲ, ನನಗೂ ಗೊಂದಲ. ಇಂಜಿನ್ ಎಷ್ಟು ಬಿಸಿಯಾಗಿದೆ, ಎಷ್ಟು ಜೋರಾಗಿ ತಿರುಗ್ತಿದೆ ಅಂತ ಕಾರಿನ ಕಂಪ್ಯೂಟರಿಗೆ ಚಾಡಿ ಹೇಳೋ ಪುಟ್ಟ ಸಾಮಾನು ಅದು. ಅದರ ವೈರು ತುಂಡಾದ್ರೆ ಕಂಪ್ಯೂಟರಿನ ತಲೆ ಕೆಡುತ್ತೆ. ಓನರ್ ತಲೆ ಅದಕ್ಕೂ ಮುಂಚೆ ಕೆಟ್ಟಿರುತ್ತೆ. ಹಾಗಾಗಿ ನಮ್ಮ ಅಂಗಡೀಲಿ ಏನಾದ್ರೊಂದು ನಡೀತಾನೇ ಇರ್ತಿತ್ತು.

ಕತ್ರಿ

ಉಪ್ಪಾರಹಳ್ಳಿಯಿಂದ ಒಬ್ಬ ರಿಟೈರ್ಡ್ ಗುಮಾಸ್ತರು ಬಂದರು. ಜೀವಮಾನದ ಮೊದಲ ಕಾರು, ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿಲ್ಲ. ಹೆಂಡತಿ ಹಿಂದಿನ ಸೀಟಲ್ಲಿ ಕೂತಿದ್ದರು. ಬಾನೆಟ್ ಎತ್ತಿ ನೋಡಿ ಹೇಳಿದೆ, "ಸಾರ್, ಸೆನ್ಸಾರ್ ಪ್ರಾಬ್ಲಂ ಇದೆ."

ಅವರ ಮುಖ ಬಿಳಿಚ್ಕೊಂಡಿತು. ಆಕಡೆ ಈಕಡೆ ನೋಡಿ, ನನ್ನನ್ನ ಪಕ್ಕಕ್ಕೆ ಕರೆದು ಪಿಸುಗುಟ್ಟಿದರು, "ಏನ್ರೀ ಹಂಗಂದ್ರೆ? ಇದು ಮನೆಮಂದಿಯೆಲ್ಲ ಓಡಾಡೋ ಕಾರು!"

"ಅದಕ್ಕೇ ಸಾರ್, ಕೆಟ್ಟಿರೋ ಭಾಗ ಈಗ್ಲೇ ಕಟ್ ಮಾಡ್ಬೇಕು."

"ಕಟ್ ಮಾಡೋವಂಥದ್ದು ನನ್ನ ಕಾರಲ್ಲಿ ಏನಿದೆ ಅಂತ?"

ಇದು ಸಿನಿಮಾ ಸೆನ್ಸಾರ್ ಅಲ್ಲ ಅಂತ ನನ್ನ ಕೈಲಾದಷ್ಟು ಬಿಡಿಸಿ ಹೇಳಿದೆ. ತಲೆಯಾಡಿಸಿದರು. ವೈರು ಕತ್ತರಿಸಿ, ಬೆಸುಗೆ ಹಾಕಿ, ಟೇಪು ಸುತ್ತಿ ಕೊಟ್ಟೆ. ಹೊರಡೋವಾಗ ಹೆಂಡತಿ ಏನಾಗಿತ್ತು ಅಂತ ಕೇಳಿದರು.

ಗುಮಾಸ್ತರು ಸಮಾಧಾನದಿಂದ ಹೇಳಿದರು, "ಏನಿಲ್ಲ ಕಣೇ, ಎರಡು ಕಡೆ ಕತ್ರಿ ಹಾಕವ್ರೆ. ಇನ್ನು ಮಕ್ಳೂ ಕೂತ್ಕೋಬೋದು."

ತಾನೇ ಹತ್ತಿದ ದೀಪ

ಚೇಳೂರಿನ ತೆಂಗಿನ ತೋಟದವರೊಬ್ಬರ ಕಾರು ಜಗ್ಗಿ ಜಗ್ಗಿ ಓಡ್ತಿತ್ತು. ತಾಯಿಯನ್ನೂ ಕೂರಿಸ್ಕೊಂಡು ಬಂದಿದ್ರು. ಒಳಗೆ ಕೂತು ನೋಡ್ತೀನಿ, ಇಂಜಿನ್ ಕೆಟ್ಟಿದೆ ಅಂತ ತೋರಿಸೋ ಹಳದಿ ದೀಪ ಇರೋ ಜಾಗದಲ್ಲಿ ಗಾಜಿನ ಮೇಲೆ ಒಂದು ಪದರ ಕುಂಕುಮ!

"ಇದೇನ್ ಸ್ವಾಮಿ?"

"ನಮ್ಮವ್ವ ಇಟ್ಟಿದ್ದು ಸಾಬ್ರೇ. ನಾವ್ಯಾರೂ ಮುಟ್ಟಿಲ್ಲ, ದೀಪ ತಾನೇ ಹತ್ಕೊಂತು. ಆರಿಸ್ಬಾರ್ದು ಅಂತವ್ಳೆ."

ಸೆನ್ಸಾರ್ ವೈರು ಬಿಸಿ ಸೈಲೆನ್ಸರ್ ಪೈಪಿಗೆ ತಾಗಿ ಕರಗಿ ಹೋಗಿತ್ತು. ಬೇರೆ ವೈರು ಸೇರಿಸಿ, ಪೈಪಿಂದ ದೂರಕ್ಕೆ ಕಟ್ಟಿದೆ. ದೀಪ ಆರಿತು. ಹಿಂದಿನ ಸೀಟಿಂದ ಅಜ್ಜಿ ಕೂಗಿದ್ಲು, "ಅಯ್ಯಯ್ಯೋ, ಆರಿಸ್ಬುಟ್ನಲ್ಲಪ್ಪಾ!"

"ಅಜ್ಜೀ, ಅದು ಆರಿದ್ರೇ ಒಳ್ಳೇದು. ಉರಿದ್ರೆ ಇಂಜಿನ್ನಿಗೆ ಕಾಯಿಲೆ ಅಂತ."

ಅಜ್ಜಿ ಕುಂಕುಮದ ಕಡೆ ಬೆರಳು ತೋರಿಸಿದ್ಲು. "ಹಂಗಾರೆ ಇಷ್ಟು ದಿವ್ಸ ನಾನು ಕೈ ಮುಗ್ದಿದ್ದು ಕಾಯಿಲೆಗಾ?"

ಮಗ ಕಾರು ಸ್ಟಾರ್ಟ್ ಮಾಡಿ ಹ್ಯಾಂಡ್‌ಬ್ರೇಕ್ ಇಳಿಸಕ್ಕೆ ಹೋದ. ಹ್ಯಾಂಡ್‌ಬ್ರೇಕ್ ಎಳೆದಿದ್ದರಿಂದ ಅದರ ಕೆಂಪು ದೀಪ ಉರೀತಿತ್ತಲ್ಲ, ಇಳಿಸಿದ್ರೆ ಅದೂ ಆರುತ್ತೆ. ಅಜ್ಜಿ ಮುಂದಕ್ಕೆ ಬಗ್ಗಿ ಮಗನ ಕೈ ಗಟ್ಟಿಯಾಗಿ ಹಿಡ್ಕೊಂಡ್ಲು. "ಇದೊಂದನ್ನಾದ್ರೂ ಉಳಿಸೋ ಮಗಾ!"

ಬೋನು

ಗುಬ್ಬಿಯ ಬಟ್ಟೆ ಅಂಗಡಿಯವರ ಕಾರಿನ ವೈರು ಇಲಿಗೆ ಮೀಸಲು. ನಾನು ಜೋಡಿಸಿ ಕಳಿಸೋದು, ಅದು ಕಡಿಯೋದು. ಮತ್ತೊಂದು ಸಲ ಬಂದಾಗ ಕಾರು ಬಿಟ್ಟು, ಎದುರಿನ ಹೋಟೆಲಿಗೆ ಟೀ ಕುಡಿಯಕ್ಕೆ ಹೋದರು. ಇಂಜಿನ್ ಸಂದೀಲಿ ಕೊಬ್ಬರಿ ಚೂರು ಸಿಕ್ಕಿಸಿ ಇಲಿ ಹಿಡಿಯೋ ಕತ್ರಿ ಇಟ್ಟಿರೋ ವಿಷಯ ಮಾತ್ರ ಹೇಳಲಿಲ್ಲ. ನಾನು ಕೈ ಹಾಕಿದೆ. ಟಪ್!

"ಯಾ ಅಲ್ಲಾ! ಸಿಕ್ಕಾಕ್ಕೊಂತು!" ಅಂತ ಕಿರುಚಿದೆ.

ಎದುರಿಂದ ಅವರು ಲೋಟ ಹಿಡ್ಕೊಂಡೇ ಓಡಿ ಬಂದರು. "ಬಿಡ್ಬೇಡಿ ಸಾಬ್ರೇ, ಗಟ್ಯಾಗಿ ಹಿಡ್ಕಳಿ! ದಪ್ಪಂದಾ?"

ಕುಣಿಗಲ್ ರಸ್ತೆ

ಇದಾಗಿದ್ದು ಎಲ್ಲರ ಕೈಗೂ ಮೊಬೈಲು ಬಂದ ಮೇಲೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೀತಿದ್ದೆ. ಗುರುತಿನ ಗಿರಾಕಿಯೊಬ್ಬರ ಫೋನು. "ಸಾಬ್ರೇ, ಕುಣಿಗಲ್ ರಸ್ತೇಲಿ ಕಾರು ನಿಂತೋಗಿದೆ. ಒಳಗೆ ಮದುವೆ ಗಂಡು ಕೂತವ್ನೆ, ನಮ್ಮಕ್ಕನ ಮಗ. ಮುಹೂರ್ತ ಮೀರೋಯ್ತದೆ, ಬೇಗ ಬನ್ನಿ!"

ಸ್ಕೂಟರ್ ಹತ್ತಿ ಓಡಿದೆ. ಹೂವಿನ ಅಲಂಕಾರ ಮಾಡಿದ ಕಾರು ಮರದ ಕೆಳಗೆ ನಿಂತಿತ್ತು. ಗಂಡಿನ ಕಡೆಯವರೆಲ್ಲ ಬಸ್ಸಲ್ಲಿ ಮುಂದೆ ಹೋಗಿದ್ದರು. ವಾಲಗದ ಗಲಾಟೇಲಿ ಛತ್ರದಲ್ಲಿ ಯಾರೂ ಫೋನ್ ಎತ್ತುತ್ತಿಲ್ಲ. ಬಗ್ಗಿ ನೋಡಿದೆ. ಇಂಜಿನ್ ತಿರುಗ್ತಿದೆ ಅಂತ ತಿಳಿಸೋ ಸೆನ್ಸಾರಿನ ವೈರನ್ನು ಇಲಿ ನೀಟಾಗಿ ಕಡಿದಿತ್ತು.

"ಇನ್ನೂ ಹೊತ್ತಾಗುತ್ತೆ. ನೀವು ನನ್ನ ಸ್ಕೂಟರಲ್ಲಿ ಹೊರಡಿ, ನಾನು ಕಾರು ತರ್ತೀನಿ" ಅಂದೆ. ಗಂಡಿನ ರೇಷ್ಮೆ ಅಂಗಿಗೆ ಧೂಳಾಗದಿರ್ಲಿ ಅಂತ ನನ್ನ ಖಾಕಿ ಕೋಟನ್ನೂ ತೊಡಿಸಿದೆ. ಸೋದರಮಾವ ಮುಂದೆ, ಗಂಡು ಹಿಂದೆ, ಹೊರಟರು.

ವೈರು ಅಂದ್ಕೊಂಡಿದ್ದಕ್ಕಿಂತ ಬೇಗ ಕೂಡ್ತು. ದಾರೀಲಿ ಅವರು ಪೆಟ್ರೋಲಿಗೆ ಬಂಕಿಗೆ ನುಗ್ಗಿದ್ದಾಗ ನಾನು ದಾಟಿ ಹೋಗಿದ್ದೀನಿ, ಗೊತ್ತಾಗಲೇ ಇಲ್ಲ.

ಕುಣಿಗಲ್ ಛತ್ರದ ಮುಂದೆ ಕಾರು ನಿಲ್ಲಿಸಿದ್ದೇ ತಡ, ವಾಲಗ ಜೋರಾಯ್ತು. ಗಂಡಿನ ಕಡೆಯವರು ಒಳಗೆ ತಿಂಡಿಗೆ ಕೂತಿದ್ರಂತೆ, ಬಾಗಿಲಲ್ಲಿದ್ದವರೆಲ್ಲ ಹೆಣ್ಣಿನ ಕಡೆಯವರು. ಯಾರೋ ಬಾಗಿಲು ತೆಗೆದು ಎಳೆದರು, ಯಾರೋ ಹಾರ ಹಾಕಿದರು. "ನಾನಲ್ಲ, ನಾನಲ್ಲ" ಅಂತೀನಿ, ಡೋಲಿನ ಸದ್ದಿಗೆ ನನಗೇ ಕೇಳಿಸ್ತಿಲ್ಲ. ಆರತಿ ತಟ್ಟೆ ಹಿಡಿದ ಇಬ್ಬರು ಮುದುಕಿಯರು ನನ್ನ ಮುಖ ದಿಟ್ಟಿಸಿದರು. ನನಗಾಗ ನಲವತ್ತು ದಾಟಿತ್ತು, ತಲೆ ಪೂರ್ತಿ ಬೋಳು.

"ಫೋಟೋದಲ್ಲಿ ತಲೆತುಂಬ ಕೂದ್ಲಿತ್ತಲ್ಲೇ?" ಅಂದ್ಲು ಒಬ್ಬಳು.

"ಮದ್ವೆ ಟೆನ್ಷನ್ನು, ಉದ್ರೋಗದೆ ಬುಡು" ಅಂತ ಇನ್ನೊಬ್ಬಳು ಹಣೆಗೆ ಕುಂಕುಮ ಇಟ್ಟೇಬಿಟ್ಲು.

ಅಷ್ಟರಲ್ಲಿ ಹೆಣ್ಣಿನ ತಂದೆ ಹೊರಗೆ ಬಂದರು. ಹಾರ ನೋಡಿದರು, ನನ್ನನ್ನ ನೋಡಿದರು. "ಯಾರಪ್ಪಾ ನೀನು?"

"ಎಲೆಕ್ಟ್ರಿಷಿಯನ್ ಸಾರ್."

ಅವರು ಕಕ್ಕಾಬಿಕ್ಕಿಯಾಗಿ ಛತ್ರದ ಕಡೆ ತಿರುಗಿದರು. "ಕರೆಂಟ್ ಇದೆಯಲ್ಲ?"

ಆಗಲೇ ಗೇಟಲ್ಲಿ ಜಗಳ ಕೇಳಿಸ್ತು. ಮಾವ ಆಚೆ ಸ್ಕೂಟರ್ ನಿಲ್ಲಿಸ್ತಿದ್ರು, ಖಾಕಿ ಕೋಟಿನ ಗಂಡನ್ನ ವಾಚ್‌ಮನ್ ಎದೆಗೆ ಕೈಯಿಟ್ಟು ತಡೆದಿದ್ದ. "ಮೆಕ್ಯಾನಿಕ್ ಬೇಡ ಕಣಯ್ಯ, ಕಾರು ರಿಪೇರಿಯಾಗಿ ಬಂದಾಯ್ತು!"

"ಅಯ್ಯೋ, ನಾನು ಗಂಡು ಕಣ್ರೀ!"

"ಗಂಡು ಆಗ್ಲೇ ಇಳೀತು, ಆರತಿನೂ ಆಯ್ತು. ನಡಿ ನಡಿ."

ನಾನು ಓಡಿಹೋಗಿ ನನ್ನ ಕೋಟು ಬಿಚ್ಚಿಸ್ಕೊಂಡೆ, ಹಾರ ಅವನ ಕೊರಳಿಗೆ ಹಾಕಿದೆ. ಸದ್ಯ, ಮುಹೂರ್ತ ತಪ್ಪಲಿಲ್ಲ. ಹೆಣ್ಣಿನ ತಂದೆ ನನ್ನನ್ನ ಮೊದಲನೇ ಪಂಕ್ತೀಲೇ ಕೂರಿಸಿ ಒಬ್ಬಟ್ಟು ಬಡಿಸಿದರು.

ಮನೆಗೆ ಬಂದಾಗ ಹಣೇಲಿ ಕುಂಕುಮ ಹಾಗೇ ಇತ್ತು. ಹೆಂಡತಿ ಕಥೆಯೆಲ್ಲ ಕೇಳಿದ್ಲು. ಸೆರಗಿನ ತುದಿಯಿಂದ ಹಣೆ ಒರೆಸಿ ಇಷ್ಟೇ ಹೇಳಿದ್ಲು, "ಇನ್ನು ಮೇಲೆ ಯಾವ ಕಾರಾದ್ರೂ ಅಂಗಡಿಗೇ ತರಕ್ಕೆ ಹೇಳಿ."