ಕರೆಂಟ್ ತಿನ್ನುವ ಮರ

ಕೊಲ್ಲಿ ದೇಶದ ಜೆಬೆಲ್ ಅಲಿ ಬಂದರಿನ ಗೋದಾಮುಗಳಲ್ಲಿ ಹದಿನಾಲ್ಕು ವರ್ಷದಿಂದ ಎಸಿ ರಿಪೇರಿ ಮಾಡುತ್ತಿದ್ದೇನೆ. ಭೂಮಿಯ ಬಿಸಿ ಇಳಿಸಲು ದೊಡ್ಡವರು ಹೊಸದೇನಾದರೂ ತಂದಾಗಲೆಲ್ಲ ನಮ್ಮಂಥವರಿಗೆ ನಗುವುದಕ್ಕೆ ಒಂದಿಷ್ಟು ಸಿಕ್ಕೇ ಸಿಗುತ್ತದೆ. ಹೋದ ವರ್ಷ ಬಂದದ್ದು ಒಂದು ಮರ.

೧. ಮರದ ಊಟ

ನಿಜದ ಮರವಲ್ಲ. ಆಳೆತ್ತರದ ಬಿಳಿ ಕಬ್ಬಿಣದ ಪೆಟ್ಟಿಗೆ, ತಲೆಯ ಮೇಲೊಂದು ಫ್ಯಾನು. ಗಾಳಿಯಲ್ಲಿರುವ ಇಂಗಾಲವನ್ನು ಹೀರುತ್ತದಂತೆ. ಜೊತೆಗೆ ಬಂದ ಕಾಗದದಲ್ಲಿ ‘ಮರ’ ಎಂದಿದ್ದುದರಿಂದ ಮ್ಯಾನೇಜರು ಅದನ್ನು ನಮ್ಮ ಮಾಲಿಗೆ ವಹಿಸಿದರು. ಮಾಲಿ ಬಾಗಲಕೋಟೆ ಕಡೆಯ ಹಿರಿಯರು, ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಿಂದ ಕಂಪನಿ ಬಸ್ಸಿನಲ್ಲಿ ಬರುವವರು. ನಾನು ಅವರನ್ನು ಕಾಕಾ ಎನ್ನುತ್ತೇನೆ.

“ನೀರು ಎಷ್ಟ್ ಹಾಕ್ಬೇಕಪಾ?” ಕಾಕಾ ನನ್ನನ್ನು ಕೇಳಿದರು.

“ನೀರು ಬೇಡ ಕಾಕಾ.”

“ನೆರಳು ಕೊಡತೈತೇನು?”

“ಇಲ್ಲ.”

“ಮತ್ತ ಏನ್ ತಿಂತೈತಿ?”

“ಕರೆಂಟು. ಹಗಲೂ ರಾತ್ರಿ.”

ಕಾಕಾ ಪೆಟ್ಟಿಗೆಗೆ ಒಂದು ಸುತ್ತು ಹಾಕಿ ಬಂದರು. “ಇದು ಮರ ಅಲ್ಲ. ಮನಿ ಅಳಿಯ.”

೨. ಹೊಗೆಯ ವ್ಯವಸ್ಥೆ

ಜೂನ್ ತಿಂಗಳಲ್ಲಿ ಪೆಟ್ಟಿಗೆ ಸೆಕೆ ತಾಳದೆ ನಿಂತುಹೋಯಿತು. ನನ್ನನ್ನು ಕರೆಸಿ ಅದಕ್ಕೂ ಒಂದು ಎಸಿ ಹಾಕಿಸಿದರು. ಅಷ್ಟು ಲೋಡು ತಡೆಯದೆ ದಿನಕ್ಕೆರಡು ಸಲ ಕರೆಂಟು ಹೋಗತೊಡಗಿತು. ಆಗ ಮ್ಯಾನೇಜರು ಡೀಸೆಲ್ ಜನರೇಟರ್ ತರಿಸಿದರು. ಎಲ್ಲಿಡಲಿ ಎಂದು ಕೇಳಿದೆ.

“ಪೆಟ್ಟಿಗೆಯ ಪಕ್ಕದಲ್ಲೇ ಇಡು. ಹೊಗೆಯನ್ನು ಅದೇ ನುಂಗಿಕೊಳ್ಳಲಿ.”

ವೈರು ಜೋಡಿಸುತ್ತಿದ್ದ ಉಳ್ಳಾಲದ ಎಲೆಕ್ಟ್ರಿಷಿಯನ್ ತಲೆಯೆತ್ತಿದ. “ಒಳ್ಳೆದಾಯ್ತು ಮಾರಾಯ. ಅಡಿಗೆ ಮಾಡುವುದೂ ಇದೇ, ಉಣ್ಣುವುದೂ ಇದೇ. ನಾವು ಪಾತ್ರೆ ತೊಳೆದರೆ ಖಲಾಸ್.”

೩. ಎರಡು ಬಕೆಟ್

ನಮ್ಮ ಅಂಗಳದಲ್ಲಿ ಒಂದು ಬೇವಿನ ಮರವಿದೆ. ಕಾಕಾ ಇಲ್ಲಿಗೆ ಬಂದ ವರ್ಷ ಹಾಲಿನ ಪುಡಿಯ ಡಬ್ಬಿಯಲ್ಲಿ ಸಸಿ ಮಾಡಿ ನೆಟ್ಟದ್ದು. ಅದರ ಎಲೆಗಳು ಉದುರಿ ಪೆಟ್ಟಿಗೆಯ ಜಾಲರಿಗೆ ಸಿಕ್ಕಿಕೊಳ್ಳುತ್ತಿದ್ದವು. ಮ್ಯಾನೇಜರು ಬೇವನ್ನು ಕಡಿಯಲು ಹೇಳಿ, ಬುಡಕ್ಕೆ ಕೆಂಪು ಬಣ್ಣದ ಗುರುತು ಹಾಕಿಸಿದರು. ಮಧ್ಯಾಹ್ನ ರೊಟ್ಟಿ ಬಿಚ್ಚಿದ ಕಾಕಾ ಹಾಗೇ ಕಟ್ಟಿಟ್ಟರು.

ಮರುದಿನ ಹೆಡ್ ಆಫೀಸಿನ ದೊಡ್ಡ ಮೇಡಂ ನಾಲ್ಕೈದು ಜನರೊಂದಿಗೆ ಪೆಟ್ಟಿಗೆ ನೋಡಲು ಬಂದರು. ಹನ್ನೊಂದು ಗಂಟೆಯ ಬಿಸಿಲು. ಮ್ಯಾನೇಜರು ಪೆಟ್ಟಿಗೆಯ ಮುಂದೆ ನಿಂತು ವಿವರಿಸುತ್ತಿದ್ದಂತೆ ಬಂದವರು ಒಬ್ಬೊಬ್ಬರಾಗಿ ಬೇವಿನ ಕೆಳಗೆ ಸರಿದರು. ಐದು ನಿಮಿಷದಲ್ಲಿ ಬಿಸಿಲಲ್ಲಿ ಉಳಿದದ್ದು ಮ್ಯಾನೇಜರು ಮತ್ತು ಪೆಟ್ಟಿಗೆ.

ಕಾಕಾ ಮೇಡಂಗೆ ನೀರು ತಂದುಕೊಟ್ಟರು.

“ಇಲ್ಲಿ ನಿಜಕ್ಕೂ ತಂಪಾಗಿದೆ,” ಎಂದು ಮೇಡಂ ಹಿಂದಿಯಲ್ಲಿ ಹೇಳಿದರು. “ಇದಕ್ಕೆ ದಿನಕ್ಕೆ ಎಷ್ಟು ಬೇಕು?”

ಮೇಡಂ ಕಣ್ಣು ಪೆಟ್ಟಿಗೆಯ ಮೇಲಿತ್ತು. ಕಾಕಾನ ಕೈ ಬೇವಿನ ಮೇಲಿತ್ತು.

“ಎರಡು ಬಕೆಟ್ ನೀರು, ಮೇಡಂ.”

“ಅಷ್ಟೇನಾ? ಮತ್ತೆ ರಿಪೇರಿ?”

“ಇವತ್ತಿನ ತನಕ ಬಂದಿಲ್ಲ.”

ಮೇಡಂ ಅದನ್ನು ಬರೆದುಕೊಂಡರು.

ಮರ ಕಡಿಯುವವರು ಬರುವ ಮೊದಲೇ ಮ್ಯಾನೇಜರಿಗೆ ಮೇಡಂ ಅವರ ಇ-ಮೇಲ್ ಬಂತು. ಎರಡು ಬಕೆಟ್ ನೀರಿನಲ್ಲಿ ನಡೆಯುವ ಮಾಡೆಲ್ ಬಹಳ ಹಿಡಿಸಿತು, ಅಬುಧಾಬಿಯ ಗೋದಾಮಿಗೂ ಅಂಥವೇ ಹತ್ತು ಹಾಕಿಸಿ, ಎಂದಿತ್ತು. ಮ್ಯಾನೇಜರು ಅದನ್ನು ಮೂರು ಸಲ ಓದಿದರು. ಆಮೇಲೆ ನನ್ನನ್ನು ಒಳಗೆ ಕರೆದು ಮೆಲ್ಲಗೆ, “ಬೇವಿನ ಸಸಿ ಹತ್ತು ಸಿಗುತ್ತಾ ಅಂತ ನಿನ್ನ ಕಾಕಾನ್ನ ಕೇಳು,” ಎಂದರು.

ಹೋಗಿ ಹೇಳಿದೆ. ಕಾಕಾ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

“ಸಿಗ್ತಾವಂತ ಹೇಳಪಾ. ಆದ್ರ ಸ್ವಿಚ್ ಎಲ್ಲೈತಿ ಅಂತ ಮೇಡಂ ಕೇಳಿದ್ರ, ನೀನ ಉತ್ತರ ಕೊಡ್ಬೇಕ್ ನೋಡು.”